ಹಳೇ ಸಿಸ್ಟಮ್‌ನ ಸದ್ದು

"ಇನ್ನೊಮ್ಮೆ ಹಚ್ಚವ್ವಾ," ಎಂದರು ಭವಾನಿ.

ಗುಣವತಿ ಫೋನಿನ ಮೇಲೆ ಬೆರಳಿಟ್ಟಳು. ಐದನೆಯ ಸಲ ಅದೇ ಇಪ್ಪತ್ತಮೂರು ಸೆಕೆಂಡಿನ ಧ್ವನಿ ತಿರುವಲ್ಲಿಕ್ಕೇಣಿಯ ಆ ಒಂದೂವರೆ ಕೋಣೆಯ ಮನೆಯನ್ನು ತುಂಬಿತು.

"ಗುಣಾ, ನಾನು ಹುಷಾರಿದ್ದೇನೆ. ಮಂಗಳೂರಲ್ಲಿ ಒಂದು ರೆಕಾರ್ಡಿಂಗ್ ಕೆಲಸ ಸಿಕ್ಕಿತು, ಅರ್ಜೆಂಟ್ ಬರಬೇಕಾಯ್ತು. ಹತ್ತು ದಿನದಲ್ಲಿ ಬರ್ತೇನೆ. ಪೊಲೀಸ್ ಗಿಲೀಸ್ ಅಂತ ಹೋಗ್ಬೇಡ. ಚೈತುವಿಗೆ ಓದ್ಲಿಕ್ಕೆ ಹೇಳು."

ಜಯಪ್ರಕಾಶ್ ಮನೆಯಿಂದ ಹೊರಟು ಇವತ್ತಿಗೆ ಐದು ದಿನ. ಗುರುತಿಲ್ಲದ ನಂಬರಿನಿಂದ ಈ ಸಂದೇಶ ಬಂದು ಎರಡು ದಿನ. ಠಾಣೆಯವರು ಇದನ್ನು ಒಂದು ಸಲ ಕೇಳಿ, ಬೇಜಾರಾಗಿ ಹೋದವನು ಬೇಜಾರು ಕಳೆದ ಮೇಲೆ ಬರುತ್ತಾನೆ ಬಿಡಮ್ಮ ಎಂದು ಗುಣವತಿಯನ್ನು ಮನೆಗೆ ಕಳಿಸಿದ್ದರು.

"ದನಿ ಅವರದೇ ಹೌದಲ್ಲ?"

"ಅವರದ್ದೇ ಅಕ್ಕ. ಆದ್ರೆ ನನ್ನನ್ನು ಗುಣಾ ಅಂತ ಅವರು ಕರೆದದ್ದೇ ಇಲ್ಲ. ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಒಂದು ಸಲವೂ ಇಲ್ಲ."

"ಮತ್ತೇನಂತಿದ್ರು?"

"ಇವಳೇ, ಅಂತ. ಇವಳೇ, ಚಾ ಉಂಟಾ ಅಂತ." ಗುಣವತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಭವಾನಿಗೆ ಐವತ್ತಾರು. ಒಂದು ವಿಮಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಕ್ಲೇಮುಗಳ ತನಿಖೆ ಮಾಡಿ, ಸುಳ್ಳು ಹೇಳುವವರ ಮುಖಗಳನ್ನು ನೋಡಿ ನೋಡಿ ಸಾಕಾಗಿ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಈ ತಮಿಳು ಊರಿನ ಕನ್ನಡದವರು ಬಿಡಲಿಲ್ಲ. ಕಾಣೆಯಾದ ಅಳಿಯ, ಮರೆಮಾಚಿದ ಮೊದಲ ಮದುವೆ, ಕದ್ದು ಹೋದ ದಾಖಲೆ ಎಂದು ಒಬ್ಬರಲ್ಲ ಒಬ್ಬರು ಬಾಗಿಲು ತಟ್ಟುತ್ತಲೇ ಇದ್ದರು. ಅಜ್ಜ ರಾಣೆಬೆನ್ನೂರಿನಿಂದ ಜವಳಿ ವ್ಯಾಪಾರಕ್ಕೆಂದು ಬಂದು ನೆಲೆನಿಂತ ಊರಿದು. ಮೂರು ತಲೆಮಾರು ಕಳೆದರೂ ಭವಾನಿಯ ಮಾತು ಮಾತ್ರ ಆ ಕಡೆಯದೇ. ಮೊಣಕಾಲು ಕೈಕೊಟ್ಟು ಎರಡು ವರ್ಷವಾಗಿತ್ತು. ಇವತ್ತು ಬೆಳಿಗ್ಗೆ ಈ ಮನೆಯ ಮೆಟ್ಟಿಲು ಹತ್ತುವಾಗ, ಇದೇ ಕೊನೆ, ಇನ್ನು ಸಾಕು ಎಂದುಕೊಂಡಿದ್ದರು. ಹಾಗೆ ಅಂದುಕೊಳ್ಳುವುದು ಇದು ಎಷ್ಟನೆಯ ಸಲವೋ.

ಕೋಣೆಯ ಮೂಲೆಯಲ್ಲಿ ಜಯಪ್ರಕಾಶನ ಮೇಜು. ಗೋಡೆಗೆ ಮೊಟ್ಟೆಯ ಟ್ರೇಗಳು ಮತ್ತು ಹಳೆಯ ರಜಾಯಿ ಹೊಡೆದು ಸದ್ದು ಹೊರಗೆ ಹೋಗದಂತೆ ಮಾಡಿದ್ದ. ಬೆಳಿಗ್ಗೆ ಐದಕ್ಕೆ ಮೋನಪ್ಪನವರ ಸಸ್ಯಾಹಾರಿ ಹೋಟೆಲಿಗೆ ಹೋದರೆ ಎರಡರವರೆಗೆ ಅಲ್ಲಿ ಮೇಲ್ವಿಚಾರಣೆ. ಅಲ್ಲಿಂದ ಬಂದು ಸಂಜೆವರೆಗೆ ಈ ಮೇಜು. ಭಜನೆಗಳಿಗೆ ಹಿನ್ನೆಲೆ ಸಂಗೀತ, ಶಾಲಾ ವಾರ್ಷಿಕೋತ್ಸವದ ಹಾಡು, ಅಂಗಡಿಗಳ ಜಾಹೀರಾತಿನ ಧ್ವನಿ, ಹೀಗೆ ಯಾರು ಏನು ಕೇಳಿದರೂ ಮಾಡಿಕೊಡುತ್ತಿದ್ದ. ಹನ್ನೊಂದು ವರ್ಷ ಅದೆಲ್ಲ ಒಂದೇ ಹಳೆಯ ಕಂಪ್ಯೂಟರಿನಲ್ಲಿ ನಡೆದಿತ್ತು. ಹಾಡಿಗೆ ಹತ್ತನೆಯ ವಾದ್ಯ ಸೇರಿಸುವಷ್ಟರಲ್ಲಿ ಅದು ಬೆಪ್ಪಾಗಿ ನಿಂತುಬಿಡುತ್ತಿತ್ತು. ಎರಡು ವಾರದ ಹಿಂದೆ ಕೊನೆಗೂ ಹೊಸದು ಬಂತು. ರಿಚೀ ಸ್ಟ್ರೀಟಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮಧುಸೂದನ್ ತಾನೇ ಬಂದು ಜೋಡಿಸಿ, ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ತುಂಬಿಸಿ, ಹಳೆಯದನ್ನು ಎತ್ತಿಕೊಂಡು ಹೋಗಿದ್ದ.

"ಹೊಸದು ಬಂದ ಮೇಲೆ ಖುಷಿಯಲ್ಲಿ ಇರ್ಬೇಕಿತ್ತಲ್ಲ ಅಕ್ಕ," ಎಂದಳು ಗುಣವತಿ. "ಹಳೇ ಹಾಡು ಅರ್ಧಕ್ಕರ್ಧ ಇದರಲ್ಲಿ ತೆರೀಲಿಲ್ಲ. ಯಾವುದು ತೆರೀತದೆ, ಯಾವುದು ಇಲ್ಲ ಅಂತ ಒಂಬತ್ತು ದಿನ ಒಂದೊಂದೇ ಕೇಳ್ತಾ ಕೂತರು. ಕಡೇ ದಿನ ಮುಖದಲ್ಲಿ ರಕ್ತವೇ ಇರ್ಲಿಲ್ಲ. ಎಂತ ಆಯ್ತು ಕೇಳಿದ್ರೆ, ಮಧು ಹತ್ರ ಹೋಗಿ ಬರ್ತೇನೆ ಅಂದ್ರು. ಅಷ್ಟೇ."

ಆಗ ಒಳಬಾಗಿಲಲ್ಲಿ ಚೈತನ್ಯಾ ಬಂದು ನಿಂತಳು. ಹದಿನಾರರ ಹುಡುಗಿ, ಪರೀಕ್ಷೆಗೆ ಓದಲು ಶಾಲೆಯಿಂದ ರಜೆ. ಕಣ್ಣು ಊದಿತ್ತು.

"ಪಿನ್ನಾಡಿ ಒರು ಸೌಂಡ್ ಇರುಕ್ಕು ಆಂಟಿ," ಎಂದಳು.

"ಹಿಂದೆ ಸೌಂಡಾ? ಎಂಥಾ ಸೌಂಡು?"

ಹುಡುಗಿ ತಾಯಿಯ ಕೈಯಿಂದ ಫೋನು ತೆಗೆದುಕೊಂಡು ಅಪ್ಪನ ಹೆಡ್‌ಫೋನ್ ಸಿಕ್ಕಿಸಿ ಭವಾನಿಯ ಕಿವಿಗೆ ಇಟ್ಟಳು. ಭವಾನಿ ಕಣ್ಣು ಮುಚ್ಚಿದರು. ಜಯಪ್ರಕಾಶನ ಮಾತಿನ ಹಿಂದೆ ಸಣ್ಣಗೆ ಗುಂಯ್ ಎನ್ನುವ ಒಂದು ಸದ್ದು. ನಾಲ್ಕೈದು ಸೆಕೆಂಡಿಗೊಮ್ಮೆ ಅದು ಟಿಕ್ ಎಂದು ಮುಗ್ಗರಿಸಿ ಮತ್ತೆ ಸಾಗುತ್ತಿತ್ತು.

"ನಮ್ಮ ಪಳೈಯ ಸಿಸ್ಟಮ್," ಎಂದಳು ಚೈತನ್ಯಾ. "ಅದೋಡ ಫ್ಯಾನ್."

"ಹಳೇದರ ಫ್ಯಾನೇನು? ಫ್ಯಾನು ಎಲ್ಲಾ ಕಂಪ್ಯೂಟರಿನ್ಯಾಗೂ ಇರ್ತದಲ್ಲವ್ವ."

ಹುಡುಗಿ ಬಲವಾಗಿ ತಲೆಯಾಡಿಸಿದಳು. ತಾನು ಐದು ವರ್ಷದವಳಿದ್ದಾಗಿನಿಂದ ಆ ಮೇಜಿನ ಕೆಳಗೆ ತಲೆ ಇಟ್ಟು ಮಲಗಿದವಳು, ಆ ಟಿಕ್ ಬೇರೆ ಯಾವುದಕ್ಕೂ ಇಲ್ಲ ಎಂದು ತಮಿಳಿನಲ್ಲಿ ಒಂದೇ ಉಸಿರಿಗೆ ಹೇಳಿದಳು.

"ಹೌದಕ್ಕ," ಎಂದಳು ಗುಣವತಿ. "ಅವರ ಎಲ್ಲ ಹಾಡಲ್ಲೂ ಅದು ಬರ್ತಿತ್ತು. ಎಷ್ಟು ಒರೆಸಿದ್ರೂ ಹೋಗ್ತಿರ್ಲಿಲ್ಲ ಅಂತ ತಲೆ ಚಚ್ಚಿಕೊಳ್ತಿದ್ರು. ಅದಕ್ಕೇ ಹೊಸದು ತಂದದ್ದು."

ಭವಾನಿ ಎದುರಿಗಿದ್ದ ಹೊಸ ಯಂತ್ರದ ಗುಂಡಿ ಒತ್ತಿದರು. ಅದು ಉಸಿರೇ ಇಲ್ಲದಂತೆ ಎದ್ದು ಕುಳಿತಿತು.

ಸಂದೇಶ ಬಂದದ್ದು ಎರಡು ದಿನದ ಹಿಂದೆ. ಹಳೆಯ ಕಂಪ್ಯೂಟರು ಈ ಮನೆ ಬಿಟ್ಟದ್ದು ಎರಡು ವಾರದ ಹಿಂದೆ. ನಿನ್ನೆ ಫೋನಿನಲ್ಲಿ ಕೇಳಿದಾಗ ಮಧುಸೂದನ್, ಅದು ಗುಜರಿಗೆ ಹೋಯಿತು ಮೇಡಂ ಎಂದಿದ್ದ.

"ಗುಜರಿಗೆ ಹೋಗಿಲ್ಲ," ಎಂದರು ಭವಾನಿ. ಮೊಣಕಾಲಿಗೆ ಕೈಕೊಟ್ಟು ಎದ್ದರು. "ಅದು ಎಲ್ಲಿ ಅದನೋ ಜಯಪ್ರಕಾಶ್ ಅಲ್ಲೇ ಅದಾರ."

*

ಗುಣವತಿಗೆ ಮೋನಪ್ಪನವರ ಹೋಟೆಲಿನಲ್ಲೇ ಪಾರ್ಸೆಲ್ ವಿಭಾಗದಲ್ಲಿ ಹನ್ನೊಂದರಿಂದ ಕೆಲಸ. ಗಂಡನಿಲ್ಲದ ದಿನಗಳಲ್ಲಿ ಅದನ್ನೂ ತಪ್ಪಿಸುವಂತಿರಲಿಲ್ಲ. ಅವಳನ್ನು ಹೋಟೆಲಿನ ಮುಂದೆ ಇಳಿಸಿ ಭವಾನಿ ಅದೇ ಆಟೋದಲ್ಲಿ ರಿಚೀ ಸ್ಟ್ರೀಟಿಗೆ ಹೋದರು.

ಮಧುಸೂದನನ ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಗೋಡೆ ತುಂಬ ಬಿಚ್ಚಿಟ್ಟ ಪೆಟ್ಟಿಗೆಗಳು, ಸುತ್ತಿಟ್ಟ ತಂತಿಗಳು, ಕಾದ ಸೀಸದ ವಾಸನೆ. ಅವನು ಹೊಸೂರಿನ ಕಡೆಯವನು, ನಲವತ್ತರ ಹತ್ತಿರ. ಕನ್ನಡ ಬಲ್ಲವನೆಂದು ಹೋಟೆಲಿನವರೆಲ್ಲ ಅವನ ಬಳಿಗೇ ಬರುತ್ತಿದ್ದರು.

"ವಾಂಗ ಮೇಡಂ, ಕೂತ್ಕೊಳಿ. ಜೆ.ಪಿ. ಸಾರ್ ಸುದ್ದಿ ಏನಾದ್ರೂ?"

ಭವಾನಿ ಮುರುಕು ಸ್ಟೂಲಿನ ಮೇಲೆ ಕುಳಿತು, ಗುಣವತಿ ತಮ್ಮ ಫೋನಿಗೆ ಕಳಿಸಿದ್ದ ಸಂದೇಶ ಹಚ್ಚಿದರು. ಅವನು ತಲೆ ಒಂದು ಕಡೆ ವಾಲಿಸಿ ಪೂರ್ತಿ ಕೇಳಿದ.

"ಮಂಗಳೂರಲ್ಲಿ ಇದಾರಲ್ಲ ಮೇಡಂ. ಒಳ್ಳೇದಾಯ್ತು."

"ಆ ಫ್ಯಾನಿನ ಸದ್ದು ಕೇಳ್ತೇನ್?"

"ಯಾವ ಫ್ಯಾನು?"

"ನೀ ಗುಜರಿಗೆ ಹಾಕಿದೆ ಅಂದ್ಯಲ್ಲ, ಅದರದು. ನೀನೇ ಹನ್ನೊಂದು ವರ್ಷ ರಿಪೇರಿ ಮಾಡಿದ್ದು. ಗುರ್ತು ಹತ್ತಲಿಲ್ಲ?"

ಮಧುಸೂದನ್ ನಕ್ಕ. ನಗು ಕಣ್ಣಿಗೆ ಮುಟ್ಟಲಿಲ್ಲ. "ಫ್ಯಾನ್ ಸೌಂಡ್ ಎಲ್ಲಾ ಒಂದೇ ಥರ ಇರುತ್ತೆ ಮೇಡಂ."

"ಗುಜರಿಯವನ ಹೆಸರು ಹೇಳು."

"ಅದು... ಬೀದೀಲಿ ಬರೋರು. ಹೆಸರೆಲ್ಲ ಯಾರ್ ಕೇಳ್ತಾರೆ?"

"ಯಾವತ್ತು ಕೊಟ್ಟಿ?"

"ತಂದ ಮಾರನೇ ದಿನಾನೇ."

"ಮಾರನೇ ದಿನ ಭಾನುವಾರ. ನಿಮ್ಮ ಬೀದಿ ಪೂರಾ ಬಂದ್ ಇರ್ತದ."

ಅವನು ಸ್ಕ್ರೂ ಡ್ರೈವರ್ ಎತ್ತಿಕೊಂಡ, ಮತ್ತೆ ಇಟ್ಟ. ಭವಾನಿ ಕಾದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಕಲಿತ ವಿದ್ಯೆ ಇದೊಂದೇ. ಎದುರಿನವನಿಗೆ ಮೌನ ತಡೆಯಲಾರದಷ್ಟು ಹೊತ್ತು ಕಾಯುವುದು.

"ಮನ್ನಿಸಿ ಮೇಡಂ," ಎಂದ ಕೊನೆಗೆ, ದನಿ ತಗ್ಗಿಸಿ. "ಸಾರ್ ಯಾರಿಗೂ ಹೇಳ್ಬೇಡ ಅಂದಿದ್ರು. ಅವತ್ತು ಇಲ್ಲಿಗೆ ಬಂದು ಹಳೇ ಸಿಸ್ಟಮ್ ವಾಪಸ್ ಕೊಡು ಅಂದ್ರು. ಹೊಸದರಲ್ಲಿ ಹಾಡು ತೆರೀತಾ ಇಲ್ಲ, ಮನೇಲಿ ಹೇಳಿದ್ರೆ ಬೈತಾರೆ, ಒಂದು ಕಡೆ ರೂಮ್ ಮಾಡ್ಕೊಂಡು ಕೆಲಸ ಮುಗಿಸ್ತೀನಿ ಅಂತ. ನಾನೇ ಆಟೋಗೆ ಹತ್ತಿಸಿದೆ."

"ಎಲ್ಲಿಗೆ?"

"ಕಾಸಿಮೇಡು. ಮೀನು ಹರಾಜು ಹಾಕೋ ಶೆಡ್ಡಿದೆಯಲ್ಲ, ಅದರ ಹಿಂದಿನ ಬೀದಿ. ಬಲೆ ಗೋಡೌನ್ ಪಕ್ಕದ ಮೂರು ಮಹಡಿ ಕಟ್ಟಡ. ಮೇಲಿನ ರೂಮು."

ಭವಾನಿಗೆ ಮೈ ಹಗುರವಾಯಿತು. ಐದು ದಿನದ ಗಂಟು ಇಷ್ಟು ಸುಲಭವಾಗಿ ಬಿಚ್ಚಿತಲ್ಲ ಎಂಬ ಸಮಾಧಾನದಲ್ಲಿ, ಅದು ಯಾಕೆ ಇಷ್ಟು ಸುಲಭವಾಗಿ ಬಿಚ್ಚಿತು ಎಂದು ಕೇಳಿಕೊಳ್ಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

ಎದ್ದು ಬಾಗಿಲವರೆಗೆ ಬಂದಾಗ ಮಧುಸೂದನ್ ಹಿಂದಿನಿಂದ ಕೇಳಿದ. "ಗುಣವತಿ ಅಕ್ಕ ಮನೇಲಿದಾರಾ ಮೇಡಂ? ಹೊಸ ಸಿಸ್ಟಮ್‌ಗೆ ಒಂದು ಕೇಬಲ್ ಕೊಡೋದು ಬಾಕಿ ಇತ್ತು."

"ಅಕಿ ಹೋಟೆಲಿಗೆ ಹೋಗ್ಯಾಳ. ಹುಡುಗಿ ಇರ್ತಾಳ ಮನ್ಯಾಗ, ಕೊಡು," ಎಂದು ಭವಾನಿ ಮೆಟ್ಟಿಲಿಳಿದರು.

*

ಪ್ಯಾರೀಸ್ ಕಾರ್ನರಿನಲ್ಲಿ ಲಾರಿಗಳ ನಡುವೆ ಆಟೋ ಅರ್ಧ ಗಂಟೆ ಸಿಕ್ಕಿಕೊಂಡಿತು. ಅತ್ತೆ ಶಂಕ್ರಮ್ಮ ಫೋನು ಮಾಡಿ, ಊಟಕ್ಕೆ ಬರ್ತೀಯೋ ಇಲ್ಲೋ ಎಂದು ಕೇಳಿದರು. ಬರ್ತೀನತ್ತಿ, ನೀವು ಉಣ್ರಿ ಎಂದರು ಭವಾನಿ. ಅಂಗಾಲಿನಿಂದ ಸೆಕೆ ಏರಿ ಬರುತ್ತಿತ್ತು. ಬೆವರಿಗೆ ರವಿಕೆ ಬೆನ್ನಿಗೆ ಅಂಟಿತ್ತು.

ಕಾಸಿಮೇಡಿಗೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಬೆಳಗಿನ ಹರಾಜು ಮುಗಿದು ಶೆಡ್ಡಿನಲ್ಲಿ ನೀರು ಹೊಡೆಯುತ್ತಿದ್ದರು. ಬಲೆ ಗೋಡೌನಿನ ಪಕ್ಕದ ಕಟ್ಟಡದ ಕೆಳಗೆ ವೆಂಕಟಲಕ್ಷ್ಮಿ ಎಂಬ ಮುದುಕಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಕಟ್ಟಡ ಅವಳದೇ. ಭವಾನಿ ತಮಿಳಿನಲ್ಲಿ ಕೇಳಿದ್ದಕ್ಕೆ ಕೆಲಸ ನಿಲ್ಲಿಸದೆ ಉತ್ತರ ಕೊಟ್ಟಳು. ಮೇಲಿನ ರೂಮನ್ನು ರಿಚೀ ಸ್ಟ್ರೀಟಿನ ಅಂಗಡಿಯವನೊಬ್ಬ ಬಾಡಿಗೆಗೆ ಹಿಡಿದಿದ್ದ. ಒಳಗೆ ಒಬ್ಬ ಕಾಯಿಲೆಯವನು ಇದ್ದ, ಅವನಿಗೆ ಕಾವಲಾಗಿ ಇನ್ನೊಬ್ಬ. ಬೆಳಿಗ್ಗೆ ಒಂಬತ್ತಕ್ಕೆ ಕಾಯಿಲೆಯವನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು.

ಹಾಗಾದರೆ ರೂಮು ಹಿಡಿದವನು ಜಯಪ್ರಕಾಶನಲ್ಲ.

ಮೂರು ಮಹಡಿ. ಎರಡನೆಯದರಲ್ಲಿ ಒಮ್ಮೆ ನಿಂತು ಕಂಬಿ ಹಿಡಿದು ಉಸಿರು ಎಳೆದುಕೊಂಡರು. ಮೇಲಿನ ಬಾಗಿಲಿಗೆ ಬೀಗ ಇರಲಿಲ್ಲ.

ಒಂದು ಚಾಪೆ. ಚಹಾದ ಖಾಲಿ ಲೋಟಗಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಪ್ಪಗಿನ ಪರದೆ, ಒಂದು ಮೈಕು, ಹೆಡ್‌ಫೋನು. ಮೇಜಿನ ಕೆಳಗೆ ಒಂದು ಪಕ್ಕದ ತಗಡು ಕಳಚಿದ ಹಳೆಯ ಪೆಟ್ಟಿಗೆ. ಗುಂಯ್ ಎನ್ನುತ್ತಿತ್ತು. ಟಿಕ್ ಎಂದು ಮುಗ್ಗರಿಸಿತು. ಮತ್ತೆ ಗುಂಯ್ ಎಂದಿತು.

ಪರದೆಯನ್ನಷ್ಟೇ ಆರಿಸಿ ಹೋಗಿದ್ದರು. ಭವಾನಿ ಅದರ ಗುಂಡಿ ಒತ್ತಿದರು. ಬೆಳಕು ಮೂಡಿತು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿನುಗುತ್ತಿತ್ತು. ಅದರ ಪಕ್ಕದಲ್ಲಿ ಸಮಯ ಓಡುತ್ತಿತ್ತು, ನಾಲ್ಕು ಗಂಟೆ ಹದಿನೇಳು ನಿಮಿಷ. ಮೈಕು ಬೆಳಗಿನಿಂದ ತೆರೆದೇ ಇತ್ತು.

ವಿಮೆಯ ಕೆಲಸದಲ್ಲಿ ಇಂಥ ಧ್ವನಿಮುದ್ರಿಕೆಗಳನ್ನು ಎಷ್ಟೋ ಕೇಳಿದ್ದರು. ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿ, ಮೊದಲಿಗೆ ಎಳೆದು, ಹೆಡ್‌ಫೋನು ಹಾಕಿಕೊಂಡರು.

ಜಯಪ್ರಕಾಶ್ ಪಿಸುಗುಡುತ್ತಿದ್ದ.

"ಯಾರು ಕೇಳ್ತೀರೋ ಗೊತ್ತಿಲ್ಲ. ನನ್ನ ಹೆಸರು ಜಯಪ್ರಕಾಶ್. ಫೋನು ಅವರ ಹತ್ರ ಉಂಟು, ನನ್ನ ಹತ್ರ ಈ ಮೈಕ್ ಮಾತ್ರ. ಈಗ ನನ್ನನ್ನು ಬೇರೆ ಕಡೆ ಕರ್ಕೊಂಡು ಹೋಗ್ತಾರಂತೆ."

ಎಲ್ಲೋ ಬಾಗಿಲಿನ ಸದ್ದು. ಅವನು ಸುಮ್ಮನಾಗಿ, ಮತ್ತೆ ಬೇಗ ಬೇಗ ಹೇಳಿದ.

"ಮೂರು ವರ್ಷ ಹಿಂದೆ ಮಣಲಿಯ ಕಾರ್ಖಾನೆಯ ಒಬ್ಬ ಕಾಂಟ್ರಾಕ್ಟರ್ ನಮ್ಮ ಮನೆಗೆ ಬಂದು ಕೆಲಸದವರಿಗೆ ಕೇಳಿಸ್ಲಿಕ್ಕೆ ಒಂದು ಅನೌನ್ಸ್‌ಮೆಂಟ್ ಓದಿ ಹೋಗಿದ್ದ. ನಡುವಲ್ಲಿ ನಾನು ಚಾ ತರ್ಲಿಕ್ಕೆ ಹೋದೆ, ರೆಕಾರ್ಡಿಂಗ್ ನಿಲ್ಲಿಸ್ಲಿಲ್ಲ. ಅವನು ಫೋನಲ್ಲಿ ಮಾತಾಡಿದ್ದು ಎಲ್ಲ ಬಂದಿದೆ. ಟ್ಯಾಂಕ್ ತೊಳೀಲಿಕ್ಕೆ ಇಳಿದ ಇಬ್ಬರು ಅದರೊಳಗೇ ಸತ್ತದ್ದು, ಯಾರಿಗೂ ತಿಳೀದ ಹಾಗೆ ಲಾರಿಯಲ್ಲಿ ಸಾಗಿಸಿದ್ದು. ನಾನು ಅದನ್ನು ಅವತ್ತು ಕೇಳಿಯೇ ಇರ್ಲಿಲ್ಲ. ಹೊಸ ಸಿಸ್ಟಮ್‌ನಲ್ಲಿ ಯಾವುದು ತೆರೀತದೆ ನೋಡುವಾಗ ಕಿವಿಗೆ ಬಿತ್ತು. ಹೆದರಿ ಮಧು ಹತ್ರ ಹೋದೆ. ನನ್ನ ಬುದ್ಧಿಗಿಷ್ಟು! ಅವನಿಗೆ ಆ ಫೈಲ್ ಬೇಕು. ಅದನ್ನು ಹಿಡ್ಕೊಂಡು ಆ ಮನುಷ್ಯನನ್ನು ಬೆದರಿಸಿ ದುಡ್ಡು ಕೀಳ್ಬೇಕು ಅಂತ."

ಉಸಿರು. ಫ್ಯಾನಿನ ಟಿಕ್.

"ಹೊಸದರಿಂದ ಅಳಿಸಿ ಆಯ್ತು, ಹಳೇದರಲ್ಲಿ ಮಾತ್ರ ಉಂಟು ಅಂತ ಸುಳ್ಳು ಹೇಳಿದೆ. ಇಲ್ಲದಿದ್ರೆ ಮನೆಗೆ ಬರ್ತಿದ್ದ. ಅದಕ್ಕೇ ಇದನ್ನು ಇಲ್ಲಿ ತಂದಿಟ್ಟು, ಹುಡುಕಿ ಕೊಡು ಅಂತ ಕೂರಿಸಿದ್ದು. ನಾನು ಹುಡುಕಿದೆ, ಕೊಡ್ಲಿಲ್ಲ. ನಿನ್ನೆ ಇದರಲ್ಲಿದ್ದ ಪ್ರತಿಯನ್ನು ಅಳಿಸಿಬಿಟ್ಟೆ. ಇಬ್ಬರ ಜೀವದ ವಿಷಯ, ಅದನ್ನು ಮಾರ್ಲಿಕ್ಕೆ ಕೊಡುದಾ? ಮನೆಯದ್ದರಲ್ಲಿ ಉಂಟು. ಅದನ್ನು ಸರಿಯಾದವರ ಕೈಗೆ ಕೊಡಿ. ಆದ್ರೆ ಮಧುವಿಗೆ ಈಗ ಅನುಮಾನ ಬಂದಿದೆ. ಮನೆಯಲ್ಲಿ ನನ್ನ ಮಗಳು ಇರ್ತಾಳೆ. ದಯವಿಟ್ಟು, ಮೊದಲು ಅವಳನ್ನು..."

ಕುರ್ಚಿ ಎಳೆದ ಸದ್ದು. ಯಾರೋ ಗದರಿದರು. ಆಮೇಲೆ ಬರೀ ಗುಂಯ್.

ಭವಾನಿ ಹೆಡ್‌ಫೋನು ಕಿತ್ತು ಇಟ್ಟರು. ಹುಡುಗಿ ಇರ್ತಾಳ ಮನ್ಯಾಗ, ಕೊಡು. ತಾವೇ ಹೇಳಿದ್ದು. ತಮ್ಮ ಬಾಯಿಂದಲೇ.

ಹುಡುಗಿಯ ನಂಬರಿಗೆ ಫೋನು ಹಚ್ಚಿದರು. ಚೈತನ್ಯಾ ಎತ್ತಿದಳು.

"ಆಂಟಿ, ನೀಂಗದಾನೆ ಮಧು ಅಂಕಲ್‌ನ ಅನುಪ್ಪಿನೀಂಗ?" ಮಧು ಅಂಕಲನ್ನು ಕಳಿಸಿದ್ದು ನೀವೇ ಅಲ್ಲವೇ ಎಂದು ಕೇಳುತ್ತಿದ್ದಳು. "ಹೊಸ ಸಿಸ್ಟಮ್ ಬಿಚ್ಚುತಾ ಇದಾರೆ. ಬಾಗಿಲು ಹಾಕು ಅಂತಾರೆ."

ಇಲ್ಲಿಂದ ತಿರುವಲ್ಲಿಕ್ಕೇಣಿಗೆ ಮುಕ್ಕಾಲು ಗಂಟೆ. ಕೂಗಿ ಹೇಳಿದರೆ ಹುಡುಗಿ ಹೆದರುತ್ತಾಳೆ, ಹೆದರಿದ್ದು ಅವನಿಗೆ ಕಾಣುತ್ತದೆ.

"ಫೋನು ಅವನ ಕೈಗೆ ಕೊಡವ್ವಾ," ಎಂದರು, ಅಂಗಡಿಯವನಿಗೆ ಸಾಮಾನು ಹೇಳುವವರ ಹಾಗೆ.

"ಮೇಡಂ," ಎಂದ ಮಧುಸೂದನ್. ದನಿಯಲ್ಲಿ ಬೆಳಗಿನ ವಿನಯ ಇರಲಿಲ್ಲ.

"ಅದನ್ನ ಯಾಕ ಬಿಚ್ಚಾಕತ್ತೀ? ಅದರಾಗ ಏನೂ ಇಲ್ಲ."

"ಅದನ್ನ ನಾನು ನೋಡ್ಕೋತೀನಿ."

"ಇಲ್ಲಿ ಅಳಿಸೀನಿ ಅಂತ ಹೇಳಿದನೇನು ಜಯಪ್ರಕಾಶ್? ನೀ ನಂಬಿಬಿಟ್ಟೆ. ಹೆಸರು ಬದಲ್ ಮಾಡಿ ಒಂದು ಭಜನಿ ಹಾಡಿನೊಳಗ ಇಟ್ಟಾನ. ನಾ ಈಗಷ್ಟೇ ಕೇಳಿದೆ. ಟ್ಯಾಂಕು, ಇಬ್ಬರು ಹೆಣಾ ಆದದ್ದು, ಲಾರಿ. ಇನ್ನ ಹೇಳಬೇಕಾ?"

ಆ ಕಡೆ ಸ್ಕ್ರೂ ಡ್ರೈವರ್ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ನನಗ ಆ ಮಣಲಿಯವನೂ ಬ್ಯಾಡ, ನಿನ್ನ ವ್ಯಾಪಾರಾನೂ ಬ್ಯಾಡ," ಎಂದರು ಭವಾನಿ. ದಣಿವನ್ನು ನಟಿಸಬೇಕಾಗಿರಲಿಲ್ಲ, ಅದು ತಾನಾಗಿಯೇ ದನಿಗೆ ಬಂತು. "ಇದನ್ನ ಒಯ್ಯಿ. ಜಯಪ್ರಕಾಶನ್ನ ಬಿಡು. ಹುಡುಗೀನ ಅಲ್ಲೇ ಬಿಟ್ಟು ಇಲ್ಲಿಗೆ ಬಾ. ನಾ ಒಬ್ಬಾಕೀನೇ ಅದೀನಿ, ಮೊಣಕಾಲು ನೋಯತಾವು, ಎಲ್ಲಿಗೂ ಹೋಗಂಗಿಲ್ಲ."

ಬಹಳ ಹೊತ್ತು ಉತ್ತರ ಇಲ್ಲ. ಈ ಸಲ ಮೌನ ತಡೆಯಬೇಕಾದ ಸರದಿ ಭವಾನಿಯದಾಗಿತ್ತು. ಎದುರಿನ ಪರದೆಯಲ್ಲಿ ಜಯಪ್ರಕಾಶನ ಕೊನೆಯ ಪಿಸುಮಾತಿನ ಹೊರತು ಮಧುಸೂದನನಿಗೆ ಬೇಕಾದ ಒಂದು ಅಕ್ಷರವೂ ಇರಲಿಲ್ಲ.

"ಸರಿ ಮೇಡಂ," ಎಂದ ಕೊನೆಗೆ. "ಬರ್ತೀನಿ. ಆದ್ರೆ ಹುಡುಗೀನೂ ಕರ್ಕೊಂಡೇ ಬರ್ತೀನಿ. ಅಪ್ಪನ್ನ ನೋಡಕ್ಕೆ ಹೋಗೋಣ ಅಂದ್ರೆ ಓಡಿ ಬಂದು ಗಾಡಿ ಹತ್ತತಾಳೆ. ಫೈಲ್ ಇದ್ರೆ ನಿಮ್ಮ ಜೊತೆ ಕಳಿಸ್ತೀನಿ."

"ಮಧು, ಹುಡುಗಿ ಬ್ಯಾಡ..."

"ಇನ್ನೊಂದು ಮಾತು. ಅಲ್ಲಿಂದ ಯಾರಿಗೂ ಫೋನ್ ಮಾಡ್ಬೇಡಿ. ನಮ್ಮವನು ಒಬ್ಬ ಕೆಳಗೇ ಇದಾನೆ."

ಲೈನು ಕಡಿಯಿತು.

ಭವಾನಿ ಕಿಟಕಿಗೆ ಬಂದರು. ಕೆಳಗಿನ ಬೀದಿಯಲ್ಲಿ, ಖಾಲಿ ಮೀನುಬುಟ್ಟಿಗಳ ರಾಶಿಗೆ ಒರಗಿ ನಿಂತಿದ್ದ ನೀಲಿ ಅಂಗಿಯವನೊಬ್ಬ ಮೊಳಗುತ್ತಿದ್ದ ಫೋನನ್ನು ಕಿವಿಗಿಟ್ಟುಕೊಂಡ. ಎರಡು ಮಾತು ಕೇಳಿ, ತಲೆಯೆತ್ತಿ ನೇರ ಈ ಕಿಟಕಿಯನ್ನೇ ನೋಡಿದ. ಆಮೇಲೆ ವೆಂಕಟಲಕ್ಷ್ಮಿಯನ್ನು ದಾಟಿ ಮೆಟ್ಟಿಲಿನ ಕಡೆ ನಡೆದ.

ಭವಾನಿ ಬಾಗಿಲಿನತ್ತ ತಿರುಗಿದರು. ಅದಕ್ಕೆ ಒಳಗಿನಿಂದ ಚಿಲಕವೇ ಇರಲಿಲ್ಲ.